ಸೊನ್ನೆಗೆ ಲಾಗ್ ಇಲ್ಲ

ಲಾಗರಿದಮ್ ಅಂದರೇನು ಎಂದು ನಮ್ಮ ಬಾಸ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪೇನಲ್ಲ. ಲಾಗರಿದಮ್ ಗೊತ್ತಿಲ್ಲದೆ ಮನೆ ಕಟ್ಟಿದವರು, ಮಗಳ ಮದುವೆ ಮಾಡಿದವರು, ಮುನಿಸಿಪಾಲಿಟಿ ಮೆಂಬರ್ ಆದವರು ತುಮಕೂರಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಈ ಮನುಷ್ಯ ಇಂಜಿನಿಯರಿಂಗ್ ಡಿಗ್ರಿಗೆ ಕಟ್ಟು ಹಾಕಿಸಿ ಕುರ್ಚಿಯ ಹಿಂದೆ ನೇತುಹಾಕಿಕೊಂಡಿದ್ದ, ಅದರ ಕೆಳಗೆ ಕೂತು ಲಾಗರಿದಮ್ ಮಾರುತ್ತಿದ್ದ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಊರ ಹೊರಗಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ತಗಡಿನ ಶೆಡ್ಡೊಂದರಲ್ಲಿ ನಾವು ಫ್ಯಾಕ್ಟರಿಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿ ಕೊಡುತ್ತಿದ್ದೆವು. ಬೀರುವಿನಂಥ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ವೈರು, ಸ್ವಿಚ್ಚು, ನಡುವೆ ಪಿ.ಎಲ್.ಸಿ. ಎಂಬ ಚಿಕ್ಕ ಕಂಪ್ಯೂಟರು. ಯಾವ ಮೋಟಾರು ಯಾವಾಗ ತಿರುಗಬೇಕು, ಯಾವ ವಾಲ್ವು ಯಾವಾಗ ಮುಚ್ಚಬೇಕು ಎಂದು ಹೇಳುವುದು ಅದು. ಅದಕ್ಕೆ ಹೇಳಿಕೊಡುವವನು ನಾನು. ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತು. ಶೆಡ್ಡಿಗೆಲ್ಲ ಇದ್ದ ಒಂದೇ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವ ಅಧಿಕಾರ ನನಗೊಬ್ಬನಿಗೇ ಇತ್ತು. ಆ ಬ್ಯಾಗಿನ ಭಾರಕ್ಕೆ ಹೆಗಲು ಬಗ್ಗಿದಷ್ಟೂ ನನ್ನ ಮೂಗು ಮೇಲಕ್ಕೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಬಾಸ್ ದಪ್ಪ ಮ್ಯಾನ್ಯುಯಲ್ಲೊಂದನ್ನು ತೆರೆದು ನನ್ನ ಮುಂದೆ ತಳ್ಳಿದ.

"ನೋಡಯ್ಯಾ, ಈ ದೊಡ್ಡ ಸಿ.ಪಿ.ಯು.ನಲ್ಲಿ ಎಲ್.ಎನ್. ಅಂತ ಒಂದು ಇನ್‌ಸ್ಟ್ರಕ್ಷನ್ ಇದೆ. ನ್ಯಾಚುರಲ್ ಲಾಗ್. ಇದನ್ನ ಎಲ್ಲಾದ್ರೂ ಉಪಯೋಗಿಸ್ಬೇಕು ಕಣಯ್ಯಾ."

"ಯಾತಕ್ಕೆ ಸಾರ್?"

"ಯಾತಕ್ಕೆ ಅಂದ್ರೆ? ಬೇರೆ ಯಾರತ್ರಾನೂ ಇಲ್ಲ, ಅದಕ್ಕೆ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಚಿಕ್ಕ ಪಿ.ಎಲ್.ಸಿ.ಗಳಿಗೆ ಆಗ ಕೂಡುವುದು ಕಳೆಯುವುದು ಬಿಟ್ಟರೆ ಹೆಚ್ಚು ಲೆಕ್ಕ ಬರುತ್ತಿರಲಿಲ್ಲ. ಲಾಗ್ ಬೇಕೆಂದರೆ ದೊಡ್ಡದನ್ನೇ ತರಿಸಬೇಕು. ದೊಡ್ಡದನ್ನು ಮಾರಬೇಕೆಂದರೆ ಲಾಗ್ ಬೇಕಾದ ಗಿರಾಕಿ ಸಿಗಬೇಕು. ನಮ್ಮ ಬಾಸ್ ಅಂಥ ಗಿರಾಕಿಯನ್ನು ಗುಬ್ಬಿಯಲ್ಲಿ ಹುಡುಕಿದ.

ಅದೊಂದು ಕಾಯಿಪುಡಿ ಫ್ಯಾಕ್ಟರಿ. ತೆಂಗಿನಕಾಯಿ ಒಡೆದು, ಕಂದು ಸಿಪ್ಪೆ ಹೆರೆದು, ತುರಿದು, ಬಿಸಿಗಾಳಿಯ ಡ್ರೈಯರಿನಲ್ಲಿ ಒಣಗಿಸಿ, ಬೆಳ್ಳಗಿನ ಪುಡಿ ಮಾಡಿ ಬಿಸ್ಕತ್ತಿನವರಿಗೆ ಕಳಿಸುತ್ತಿದ್ದರು. ಯಜಮಾನರು ಒಗೆದ ಬಿಳಿ ಪಂಚೆ, ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಮಠದ ಕಮಿಟಿಯಲ್ಲಿ ಒಂದು ಕುರ್ಚಿ ಇರುವ ಮನುಷ್ಯ. ನಮ್ಮ ಬಾಸ್ ಅವರಿಗೆ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದ. ಅವರಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದ್ದರಿಂದ ತುಂಬ ಹಿಡಿಸಿತು. ಮಾರನೇ ವಾರದ ಹೊತ್ತಿಗೆ ಗುಬ್ಬಿಯ ಹೋಟೆಲುಗಳಲ್ಲಿ, "ನಮ್ ಮೆಷಿನ್ ಲಾಗ್ ಹಾಕುತ್ತೆ ಕಣ್ರೀ" ಎಂದು ಯಜಮಾನರು ಹೇಳಿಕೊಂಡು ತಿರುಗುತ್ತಿದ್ದಾರೆಂದು ನಮಗೆ ಸುದ್ದಿ ಬಂತು. ಕೇಳಿದವರು ಏನೆಂದುಕೊಂಡರೋ ದೇವರೇ ಬಲ್ಲ.

ನಿಜ ಹೇಳಬೇಕೆಂದರೆ ಲಾಗ್ ಅಲ್ಲಿಗೆ ಸಲ್ಲುವಂಥದ್ದೇ. ಬಾಸ್‌ಗೆ ಅದು ಕುರುಡು ಅದೃಷ್ಟದಲ್ಲಿ ಸಿಕ್ಕಿತ್ತು. ಹಸಿ ತುರಿಯನ್ನು ಬಿಸಿಗಾಳಿಗೆ ಹಾಕಿದರೆ ನೀರು ಮೊದಮೊದಲು ಬೇಗ ಹೋಗುತ್ತದೆ, ಬರಬರುತ್ತ ನಿಧಾನ. ತೇವ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತೋ, ಉಳಿದ ಅರ್ಧ ಮತ್ತೆ ಅದರ ಅರ್ಧಕ್ಕೆ ಇಳಿಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕೊನೆಯ ಚೂರು ನೀರು ಹೋಗುವಷ್ಟರಲ್ಲಿ ಪ್ರಾಣ ಹೋಗುತ್ತದೆ. ಈಗಿನ ತೇವವನ್ನು ಬೇಕಾದ ತೇವದಿಂದ ಭಾಗಿಸಿ, ಅದಕ್ಕೆ ಲಾಗ್ ತೆಗೆದು, ಆ ಡ್ರೈಯರಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಿದರೆ ಎಷ್ಟು ನಿಮಿಷ ಒಣಗಿಸಬೇಕೆಂದು ಬರುತ್ತದೆ. ಈಗಿನ ತೇವವನ್ನು ಅಳೆಯಲು ತುರಿ ಬೀಳುವ ಜಾಗದ ಮೇಲೆ ಒಂದು ಸೆನ್ಸರು. ಬೆಳಕು ಬಿಟ್ಟು, ವಾಪಸು ಬಂದ ಬೆಳಕನ್ನು ನೋಡಿ ನೀರೆಷ್ಟಿದೆ ಎಂದು ಹೇಳುವಂಥದ್ದು. ಮುಂದೆ ರೂಪಾಯಿಯಗಲದ ಗಾಜು.

ಅದುವರೆಗೆ ಆ ಕೆಲಸವನ್ನೆಲ್ಲ ಒಬ್ಬ ಮನುಷ್ಯನ ಮುಷ್ಟಿ ಮಾಡುತ್ತಿತ್ತು. ಸಿ.ಎಸ್. ಪುರದ ಕಡೆಯವನು, ಐವತ್ತರ ಆಸುಪಾಸು, ಡ್ರೈಯರ್ ಆಪರೇಟರ್ ಅಂತ ಹೆಸರು. ಡ್ರೈಯರಿನ ಬಾಗಿಲು ತೆಗೆದು, ಒಂದು ಹಿಡಿ ತುರಿ ತಗೊಂಡು ಬಿಗಿಯಾಗಿ ಹಿಸುಕಿ, ಮುಷ್ಟಿ ಬಿಚ್ಚಿ ನೋಡುವನು. ಉಂಡೆ ಎಷ್ಟು ಬೇಗ ಒಡೆಯುತ್ತದೆ ಎಂದು ನೋಡಿ, ನಾಲ್ಕು ಎಳೆ ಬಾಯಿಗೆ ಹಾಕಿ, ಮುಂದಿನ ಹಲ್ಲಿನಲ್ಲಿ ಕಡಿದು, "ಇನ್ನೈದು ನಿಮಿಷ" ಅನ್ನುವನು, ಇಲ್ಲ "ಸಾಕು" ಅನ್ನುವನು. ಹದಿನಾಲ್ಕು ವರ್ಷ ಆ ಫ್ಯಾಕ್ಟರಿಯ ಪುಡಿಯೆಲ್ಲ ಅವನ ಹಲ್ಲಿನ ಮೇಲೆ ಹಾದು ಹೋಗಿತ್ತು. ನಮ್ಮ ಪ್ಯಾನೆಲ್ ಇಳಿಸಿದ ದಿನವೇ ಯಜಮಾನರು ಅವನೆದುರಿಗೇ ಬಾಸ್‌ಗೆ ಹೇಳಿದರು:

"ಇದು ಕೂತ್ಕೊಂಡ್ ಮೇಲೆ ಇವ್ನು ಯಾಕ್ ಬೇಕು ಹೇಳಿ? ಒಂದು ತಪ್ಪು ಮಾಡ್ಲಿ, ಮನೆಗೆ ಕಳಿಸ್ತೀನಿ."

ಅವನು ಕೇಳಿಸಿಕೊಂಡ. ನಾನು ಅವನ ಮುಖ ನೋಡಿ, ಒಳ್ಳೇದೇ ಆಯಿತು, ಎಂಜಲು ಪುಡಿ ತಿನ್ನುವುದು ತಪ್ಪಿತು ಬಿಸ್ಕತ್ತು ತಿನ್ನುವವರಿಗೆ ಅಂದುಕೊಂಡೆ. ಅವನು ಹಲ್ಲಿಗೆ ಹಾಕಿದ್ದನ್ನು ಉಗುಳುವುದು ಹೊರಗೆ, ವಾಪಸು ಹಾಕುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹಾಗೇ ಅಂದುಕೊಂಡೆ. ಇಪ್ಪತ್ತಮೂರರ ವಯಸ್ಸಿನಲ್ಲಿ ತಿರಸ್ಕಾರಕ್ಕೆ ಕಾರಣ ಬೇಕಾಗುವುದಿಲ್ಲ.

ಈಗ ನಾಚಿಕೆಯಾಗುವ ಸಂಗತಿ ಬೇರೆ ಇದೆ. ಲೆಕ್ಕದಲ್ಲಿ ಗುಣಿಸಬೇಕಾದ ಆ ಒಂದು ಸಂಖ್ಯೆ ಎಲ್ಲಿಂದ ಬರಬೇಕು? ಮ್ಯಾನ್ಯುಯಲ್ಲಿನಲ್ಲಿಲ್ಲ, ಬಾಸ್‌ನ ಡಿಗ್ರಿಯಲ್ಲಂತೂ ಇಲ್ಲ. ಹದಿನೈದು ದಿನ ನಾನು ಆ ಡ್ರೈಯರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಸೆನ್ಸರು ಎಷ್ಟು ತೇವ ತೋರಿಸಿತು, ಅವನು ಎಷ್ಟು ನಿಮಿಷಕ್ಕೆ "ಸಾಕು" ಅಂದ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವನ "ಸಾಕು"ಗಳನ್ನೆಲ್ಲ ಸೇರಿಸಿ ಆ ಸಂಖ್ಯೆ ತೆಗೆದೆ. ಅಂದರೆ ಅವನ ಮುಷ್ಟಿಯನ್ನೇ ಕದ್ದು ಪೆಟ್ಟಿಗೆಯೊಳಗೆ ಇಟ್ಟೆ. ಹಾಗೆ ಬರೆದುಕೊಳ್ಳುವಾಗಲೂ ಅವನು ಪ್ರತಿ ಸಲ ತಾನಾಗಿಯೇ ನನ್ನ ಕಡೆ ತಿರುಗಿ, "ಬರ್ಕಂಡ್ರಾ ಸ್ವಾಮಿ?" ಎಂದು ಕೇಳಿ, ಆಮೇಲೆ ಬಾಗಿಲು ತೆಗೆಯುತ್ತಿದ್ದ.

ಕೊನೆಯ ದಿನ ಅವನು ಸೆನ್ಸರಿನ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದ. ಅವನು ಅದಕ್ಕೆ ಕಣ್ಣು ಅಂತಲೇ ಹೆಸರಿಟ್ಟಿದ್ದ.

"ಸ್ವಾಮಿ, ಈ ಕಣ್ಣು ಮುಚ್ಚೋದ್ರೆ ಮೆಷಿನ್ ಏನ್ ಮಾಡ್ತದೆ?"

"ಕಣ್ಣು ಮುಚ್ಚೋಕೆ ಅದೇನು ನಿನ್ ಹಂಗೆ ನಿದ್ದೆ ಮಾಡುತ್ತಾ?" ಅಂದೆ. ಪಕ್ಕದಲ್ಲಿ ಸಿಪ್ಪೆ ಹೆರೆಯುತ್ತಿದ್ದ ಹೆಂಗಸರು ನಕ್ಕರು. ಅವನೂ ಸ್ವಲ್ಪ ನಕ್ಕ.

"ಅಲ್ಲ ಸ್ವಾಮಿ, ಧೂಳು ಗೀಳು ಕೂತ್ಕಂಡ್ರೆ ಅಂತ."

"ಅದೆಲ್ಲ ನಿಂಗ್ಯಾಕೆ? ಅದು ಲೆಕ್ಕ. ನಿನ್ ತಲೆಗೆ ಹತ್ತಲ್ಲ ಬಿಡು."

ಅವನು ಕೇಳಿದ ಪ್ರಶ್ನೆಗೆ ಉತ್ತರ ಮ್ಯಾನ್ಯುಯಲ್ಲಿನ ಅದೇ ಪುಟದಲ್ಲಿ, ಎಲ್.ಎನ್. ಇನ್‌ಸ್ಟ್ರಕ್ಷನ್ನಿನ ಕೆಳಗೆ, ಬಾಕ್ಸ್ ಕಟ್ಟಿ ಬರೆದಿತ್ತು. ಲಾಗ್ ತೆಗೆಯುವ ಸಂಖ್ಯೆ ಸೊನ್ನೆಗಿಂತ ಹೆಚ್ಚಿರಬೇಕು. ಸೊನ್ನೆಗೆ ಲಾಗ್ ಇಲ್ಲ, ಸೊನ್ನೆಗಿಂತ ಕೆಳಗಿನದಕ್ಕೂ ಇಲ್ಲ. ಅಂಥದ್ದನ್ನು ಕೊಟ್ಟರೆ ಪಿ.ಎಲ್.ಸಿ. ತಪ್ಪಾಯಿತೆಂದು ಕೆಂಪು ದೀಪ ಹಚ್ಚಿ ಪೂರ್ತಿ ನಿಂತುಬಿಡುತ್ತದೆ. ಆದ್ದರಿಂದ ಮೊದಲು ಪರೀಕ್ಷಿಸಿ, ಆಮೇಲೆ ಲಾಗ್ ತೆಗೆಯಿರಿ. ನಾನು ಅದನ್ನು ಓದಿದ್ದೆ. ಹಸಿ ತೆಂಗಿನ ತುರಿಯಲ್ಲಿ ನೀರು ಸೊನ್ನೆಯಾಗುವುದುಂಟೆ, ಇದನ್ನೆಲ್ಲ ಬರೆಯುವವರು ದಡ್ಡರಿಗಾಗಿ ಬರೆಯುತ್ತಾರೆ ಎಂದು ಪುಟ ತಿರುಗಿಸಿದ್ದೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಬೇಕಿತ್ತು, ಅಷ್ಟೆ.

ಇನ್ನೊಂದು ಕೆಲಸವನ್ನೂ ಮಾಡಿದ್ದೆವು. ಹಳೇ ಪ್ಯಾನೆಲ್ಲಿನ ಬಾಗಿಲ ಮೇಲೆ ಒಂದು ಸ್ವಿಚ್ಚಿತ್ತು. ಅದನ್ನು ತಿರುಗಿಸಿದರೆ ಡ್ರೈಯರನ್ನು ಕೈಯಲ್ಲಿ ನಡೆಸಬಹುದಿತ್ತು. "ಆ ಸ್ವಿಚ್ ಇದ್ರೆ ಈ ಜನ ಅದನ್ನೇ ತಿರುಗಿಸ್ಕೊಂಡ್ ಕೂತಿರ್ತಾರೆ, ನಮ್ ಲಾಗ್‌ಗೆ ಏನ್ ಬೆಲೆ?" ಎಂದು ಬಾಸ್ ಹೊಸದರಲ್ಲಿ ಅದನ್ನು ತೆಗೆಸಿದ. ಪ್ಯಾನೆಲ್ಲಿಗೆ ಬೀಗ ಹಾಕಿ ಕೀಲಿಕೈ ಯಜಮಾನರಿಗೆ ಕೊಟ್ಟ. ಅವರು ಅದನ್ನು ಶಿವದಾರದ ಪಕ್ಕ ಇನ್ನೊಂದು ದಾರಕ್ಕೆ ಕಟ್ಟಿಕೊಂಡು ಎದೆಯ ಮೇಲೆ ಇಟ್ಟುಕೊಂಡರು.

ಮೂರು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಆಯುಧ ಪೂಜೆ ಬಂತು.

ಪೂಜೆಗೆ ಬಾಸ್‌ನನ್ನೂ ನನ್ನನ್ನೂ ಕರೆದಿದ್ದರು. ಮೆಷಿನ್‌ಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವು ಏರಿಸಿದ್ದರು. ಬೂದುಗುಂಬಳಕಾಯಿ ಒಡೆದು ಕುಂಕುಮದ ನೀರು ಚೆಲ್ಲಿದ್ದರು. ಉಳಿದ ಕಡೆ ಕೆಲಸಗಾರರೇ ಮೆಷಿನ್ನಿಗೆ ವಿಭೂತಿ ಬಳಿಯುತ್ತಾರೆ. ಇಲ್ಲಿ ಯಜಮಾನರು ಅದನ್ನು ಯಾರಿಗೂ ಬಿಡುತ್ತಿರಲಿಲ್ಲ. ಮಠದಿಂದ ತಂದ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಬೆಳ್ಳಿಬಟ್ಟಲಲ್ಲಿ ಹಿಡಿದು, ಒಂದೊಂದಕ್ಕೂ ತಾವೇ ಮೂರು ಬೆರಳು ಎಳೆಯುತ್ತಿದ್ದರು. ಬಾಯ್ಲರಿಗೆ, ಮೋಟಾರುಗಳಿಗೆ, ತುರಿಯುವ ಮೆಷಿನ್ನಿಗೆ, ನಮ್ಮ ಪ್ಯಾನೆಲ್ಲಿಗೆ. ಕೊನೆಗೆ ಸ್ಟೂಲು ತರಿಸಿ ಸೆನ್ಸರಿನ ಮುಂದೆ ಹತ್ತಿ ನಿಂತರು.

"ಇದೇ ಅಲ್ವೇ ಎಲ್ಲಾನೂ ನೋಡೋದು," ಎಂದು ನಗುತ್ತ, ಗಾಜಿನ ಮೇಲೆ ನೇರವಾಗಿ, ಒತ್ತಿ, ಮೂರು ಗೆರೆ ಎಳೆದರು. ಮೇಲೆ ಕುಂಕುಮದ ಬೊಟ್ಟು.

ನಾನು ಎರಡು ಮಾರು ದೂರದಲ್ಲಿ ದೊನ್ನೆಯಲ್ಲಿ ಕೋಸಂಬರಿ ಹಿಡಿದು ನಿಂತಿದ್ದೆ. ನೋಡಿದೆ. ಚೆನ್ನಾಗಿ ನೋಡಿದೆ. 'ಬಳಿ, ಬಳಿ, ಲಾಗರಿದಮ್‌ಗೂ ವಿಭೂತಿ ಬಳಿ' ಎಂದು ಮನಸ್ಸಿನಲ್ಲೇ ನಕ್ಕೆ. ತುಮಕೂರಿಗೆ ಹೋದ ಮೇಲೆ ಗೆಳೆಯರಿಗೆ ಹೇಳಲು ಒಳ್ಳೆಯ ಕತೆಯಾಯಿತು ಅಂದುಕೊಂಡೆ. ಒರೆಸಿ ಎಂದು ಹೇಳಬಹುದಿತ್ತು. ಹೇಳಲು ಒಂದು ಮಾತು ಸಾಕಿತ್ತು. ಮೂರ್ಖರು ಮೂರ್ಖತನ ಮಾಡುವುದನ್ನು ನೋಡುವ ಸುಖ ಬಿಡಲಾಗಲಿಲ್ಲ.

ಹಬ್ಬದ ರಜೆ ಕಳೆದು ಕೆಲಸ ಶುರುವಾದ ಬೆಳಿಗ್ಗೆ ಹತ್ತು ಗಂಟೆಗೆ ಶೆಡ್ಡಿನ ಫೋನು ಬಡಿದುಕೊಂಡಿತು. ಡ್ರೈಯರ್ ನಿಂತಿದೆ, ಕೆಂಪು ದೀಪ ಹತ್ತಿದೆ. ಬಾಸ್ ತನ್ನ ಕಾರಿನಲ್ಲೇ ನನ್ನನ್ನು ಕೂರಿಸಿಕೊಂಡು ಗುಬ್ಬಿಗೆ ಓಡಿಸಿದ. ನಾವು ಹೋಗುವಷ್ಟರಲ್ಲಿ ಗಾಳಿ ನಿಂತರೂ ಬಾಯ್ಲರಿನ ಶಾಖ ನಿಲ್ಲದೆ, ಒಂದು ಪೂರ್ತಿ ಲೋಡು ತುರಿ ಬಿಸಿ ತಟ್ಟೆಗಳ ಮೇಲೆ ಕೂತು ಕೆಳಗೆ ಸೀದು, ಮೇಲೆ ಹುಳಿ ಬಂದು ಹೋಗಿತ್ತು. ಫ್ಯಾಕ್ಟರಿಯ ತುಂಬ ಸುಟ್ಟ ಕೊಬ್ಬರಿಯ ವಾಸನೆ. ಫ್ಯಾನ್ ಒಂದನ್ನಾದರೂ ತಿರುಗಿಸೋಣವೆಂದರೆ ಸ್ವಿಚ್ಚಿಲ್ಲ. ಪ್ಯಾನೆಲ್ ತೆಗೆಯೋಣವೆಂದರೆ ಕೀಲಿಕೈ ಯಜಮಾನರ ಎದೆಯ ಮೇಲೆ, ಯಜಮಾನರು ಮಠದಲ್ಲಿ. ಆಪರೇಟರ್ ಡ್ರೈಯರಿನ ಬಾಗಿಲು ತೆರೆದು, ಕೈಗೆ ಗೋಣಿಚೀಲ ಸುತ್ತಿಕೊಂಡು, ಬಿಸಿ ತಟ್ಟೆಗಳನ್ನು ಒಂದೊಂದಾಗಿ ಎಳೆದು ಹಾಕಿದ್ದ. ಅವನ ಎರಡೂ ಮುಂಗೈ, ಬೆರಳುಗಳು ಬೊಬ್ಬೆ ಎದ್ದಿದ್ದವು.

ನಮ್ಮ ಶೆಡ್ಡಿನಿಂದ ತಂದಿದ್ದ ಇನ್ನೊಂದು ಕೀಲಿಕೈಯಿಂದ ಪ್ಯಾನೆಲ್ ತೆಗೆದು ಲ್ಯಾಪ್‌ಟಾಪ್ ಜೋಡಿಸಿದ ಎರಡು ನಿಮಿಷಕ್ಕೆ ನನಗೆ ಗೊತ್ತಾಯಿತು. ವಿಭೂತಿ ಒಣಗಿ ಗಾಜಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಸೆನ್ಸರು ತನ್ನ ಬೆಳಕಿನಲ್ಲಿ ಒಣ ಬೂದಿಯನ್ನೇ ನೋಡಿ, ನೀರು ಸೊನ್ನೆಗಿಂತಲೂ ಚೂರು ಕಡಿಮೆ ಎಂದು ಪ್ರಾಮಾಣಿಕವಾಗಿ ಹೇಳಿತ್ತು. ಪಿ.ಎಲ್.ಸಿ. ಅದಕ್ಕೆ ಲಾಗ್ ತೆಗೆಯಲು ಹೋಗಿ, ತೆಗೆಯಲಾಗದೆ, ನಿಂತುಬಿಟ್ಟಿತ್ತು. ಅಲ್ಲಿದ್ದವರಲ್ಲಿ ತಪ್ಪು ಮಾಡದೆ ನಡೆದುಕೊಂಡದ್ದು ಆ ಎರಡು ಯಂತ್ರಗಳು ಮಾತ್ರ.

ಅಷ್ಟರಲ್ಲಿ ಯಜಮಾನರು ಬಂದರು. "ಗಾಜಿನ ಮೇಲೆ ವಿಭೂತಿ ಇದೆ, ಅದಕ್ಕೇ ನಿಂತಿರೋದು" ಎಂದು ಬಾಸ್ ಹೇಳಿದ. ಯಜಮಾನರು ಆಪರೇಟರ್ ಕಡೆ ತಿರುಗಿದರು.

"ಏನ್ಲಾ, ಗಾಜಿಗೆ ಬಳಿದಿದ್ಯಾ? ಮೆಷಿನ್ ಹಾಳಾದ್ರೆ ನಿನ್ ಕೆಲ್ಸ ಉಳೀತದೆ ಅಂತಾನಾ?"

"ನಾನಲ್ಲ ಯಜಮಾನ್ರೆ. ನೀವೇ ಹಚ್ಚಿದ್ದು. ಬೆಳಿಗ್ಗೆ ನೋಡ್ದೆ, ಪೂಜೆ ಮಾಡಿದ್ ವಿಭೂತಿ, ಒರ್ಸೋಕೆ ನಾನ್ಯಾರು ಅಂತ ಸುಮ್ಕಾದೆ."

"ನಾನು ಹಚ್ಚಿದ್ದು ಮೇಲುಗಡೆ, ಡಬ್ಬಕ್ಕೆ. ಗಾಜಿಗೆ ಹಚ್ಚೋಕೆ ನಂಗೇನು ತಲೆ ಕೆಟ್ಟಿತ್ತಾ?"

ಅವರು ಬೇಕೆಂದೇ ಸುಳ್ಳು ಹೇಳಿದರೋ, ತಮ್ಮಂಥವರು ತಪ್ಪು ಮಾಡುವುದೇ ಇಲ್ಲ ಎಂದು ನಿಜಕ್ಕೂ ನಂಬಿದ್ದರೋ ಆಗ ನನಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ಅವರ ಮೇಲಿರುವ ಅಸಹ್ಯ ಒಂದೇ. ಆಪರೇಟರ್ ನನ್ನ ಕಡೆ ನೋಡಿದ.

"ಸ್ವಾಮಿ, ನೀವು ಅಲ್ಲೇ ಇದ್ರಲ್ಲ. ಕೋಸಂಬರಿ ತಿಂತಾ ನಿಂತಿದ್ರಿ. ನೀವೇ ಹೇಳಿ."

ಎಲ್ಲರೂ ನನ್ನನ್ನು ನೋಡಿದರು. ನಾನು ನೋಡಿದೆ ಎಂದರೆ, ನೋಡಿದವನು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಗಾಜು ಮುಚ್ಚಿದ ಮಾತ್ರಕ್ಕೆ ಇಷ್ಟು ದೊಡ್ಡ ಮೆಷಿನ್ ಯಾಕೆ ನಿಲ್ಲಬೇಕು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಅದಕ್ಕೆ ಉತ್ತರ ನಾನು ಬರೆಯದೆ ಬಿಟ್ಟ ಆ ಒಂದು ಸಾಲು. ಬಾಸ್ ನನ್ನತ್ತ ಕಣ್ಣು ಬಿಟ್ಟುಕೊಂಡು ನಿಂತಿದ್ದ.

"ನಾನು ಸರಿಯಾಗಿ ನೋಡ್ಲಿಲ್ಲ," ಅಂದೆ.

ಆಪರೇಟರ್ ಬೊಬ್ಬೆ ಎದ್ದ ಕೈಗಳನ್ನು ಎದೆಯ ಹತ್ತಿರ ಹಿಡಿದುಕೊಂಡು ನಿಂತ. ಸರ್ವಿಸ್ ರಿಪೋರ್ಟ್ ಪುಸ್ತಕದಲ್ಲಿ ಬಾಸ್ ಇಂಗ್ಲಿಷಿನಲ್ಲಿ ಬರೆಸಿದ, ನಾನು ಬರೆದೆ: ಸಿಸ್ಟಮ್ ಸರಿಯಾಗಿದೆ, ಆಪರೇಟರನ ತಪ್ಪಿನಿಂದ ನಿಂತಿದೆ. ಕೆಳಗೆ ನನ್ನ ಸಹಿ. ಅದರ ಪಕ್ಕದ ಜಾಗದಲ್ಲಿ ಆಪರೇಟರನ ಸಹಿ ಬೇಕಿತ್ತು. ಏನು ಬರೆದಿದೆ ಎಂದು ಓದಿ ಹೇಳುವವರು ಯಾರೂ ಇರಲಿಲ್ಲ. ಮೆಷಿನ್ ರಿಪೇರಿ ಆಯಿತು ಅಂತ ಬರೆದಿದೆ, ಹಾಕು ಎಂದ ಬಾಸ್. ಅವನು ಬೊಬ್ಬೆಯ ಬೆರಳಿನಲ್ಲಿ ಪೆನ್ನು ಹಿಡಿಯಲಾರದೆ ಹಿಡಿದು, ಕನ್ನಡದಲ್ಲಿ ಹೆಸರು ಬರೆದ. ಆ ಹಾಳೆಯನ್ನು ತೋರಿಸಿಯೇ ಯಜಮಾನರು ಅವನನ್ನು ಸಂಜೆ ಮನೆಗೆ ಕಳಿಸಿದರು.

ಮಾರನೇ ದಿನ ನಾನೊಬ್ಬನೇ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಆ ಒಂದು ಸಾಲು ಬರೆದೆ. ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಲಾಗ್ ತೆಗೆ. ಇಲ್ಲದಿದ್ದರೆ ಗಂಟೆ ಹೊಡೆ, ಫ್ಯಾನು ನಿಲ್ಲಿಸಬೇಡ. ನಾಲ್ಕು ನಿಮಿಷದ ಕೆಲಸ. ಕೈಯಲ್ಲಿ ನಡೆಸುವ ಸ್ವಿಚ್ಚನ್ನೂ ಸದ್ದಿಲ್ಲದೆ ವಾಪಸು ಹಾಕಿದೆ. ಯಾರೂ ಯಾಕೆ ಎಂದು ಕೇಳಲಿಲ್ಲ, ಕೇಳುವವನು ಹೋಗಿಯಾಗಿತ್ತು.

ಬಾಸ್ ಜೊತೆ ಇನ್ನೂ ಮೂರು ವರ್ಷ ಇದ್ದೆ. ಅವನನ್ನು ಬಿಡಲು ಧೈರ್ಯವಿಲ್ಲದೆ ಇದ್ದವನು, ಅವನನ್ನು ದಿನಾ ಮನಸ್ಸಿನಲ್ಲಿ ಬೈದುಕೊಳ್ಳುವುದನ್ನೇ ಧೈರ್ಯ ಎಂದುಕೊಂಡಿದ್ದೆ. ಅವನು ಹೋದಲ್ಲೆಲ್ಲ, "ಗುಬ್ಬೀಲಿ ಲಾಗ್ ಹಾಕಿದೀವಿ, ಒಂದು ಕಂಪ್ಲೇಂಟ್ ಇಲ್ಲ" ಅನ್ನುತ್ತಿದ್ದ. ಯಜಮಾನರು ಮಠದ ಕಮಿಟಿಯಲ್ಲಿ ಮುಂದಿನ ಸಾಲಿನ ಕುರ್ಚಿಗೆ ಬಂದರು. ಆಯುಧ ಪೂಜೆಗೆ ಮತ್ತೆ ಕರೆದರು. ಹೋದೆ, ಕೋಸಂಬರಿ ತಿಂದೆ. ಆ ವರ್ಷ ಅವರು ಗಾಜಿಗೆ ಬಳಿಯಲಿಲ್ಲ. ಸ್ಟೂಲು ಹತ್ತಿ, ಬೆರಳು ಎತ್ತಿ, ಒಂದು ಗಳಿಗೆ ತಡೆದು, ಮೇಲುಗಡೆ ಡಬ್ಬಕ್ಕೆ ಎಳೆದರು. ಅವರಿಗೆ ಎಲ್ಲ ನೆನಪಿತ್ತೆಂದು ಆಗ ನನಗೆ ಗೊತ್ತಾಯಿತು.

ಆಮೇಲೆ ನಾನೇ ಒಂದು ಶೆಡ್ಡು ಮಾಡಿದೆ. ನನ್ನ ಕುರ್ಚಿಯ ಹಿಂದೆಯೂ ಒಂದು ಸರ್ಟಿಫಿಕೇಟು ಬಂತು. ಗುಬ್ಬಿಯಲ್ಲಿ ಡ್ರೈಯರ್ ನಿಂತ ಆ ದಿನದಿಂದ ಎಂಟು ವರ್ಷಗಳ ಮೇಲೆ, ಹೊಸ ಶತಮಾನದಲ್ಲಿ, ಕುಣಿಗಲ್ಲಿನಿಂದ ಕೊತ್ತಗೆರೆಗೆ ಹೋಗುವ ಕಡೆ ಶುರುವಾದ ಒಂದು ಕಾಯಿಪುಡಿ ಫ್ಯಾಕ್ಟರಿಗೆ ಡ್ರೈಯರಿನ ಪ್ಯಾನೆಲ್ ಹಾಕಲು ಹೋದೆ. ಇದರ ಯಜಮಾನ ಬೇರೆ, ಮೂವತ್ತರ ವಯಸ್ಸಿನವನು. ಮೊದಲ ದಿನವೇ ಹೇಳಿದ: "ನಮ್ ಡ್ರೈಯರ್ ಮೇಸ್ತ್ರಿ ಒಪ್ಪಿದ್ರೆ ನಾನು ಒಪ್ಪಿದಂಗೆ ಸಾರ್. ಅವ್ರು ಮುಷ್ಟೀಲಿ ಹಿಡಿದು ಹೇಳ್ತಾರೆ, ಲ್ಯಾಬ್ ರಿಪೋರ್ಟ್ ಆಮೇಲೆ ಬರುತ್ತೆ."

ಮೇಸ್ತ್ರಿ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯ ಮೇಲೆ ಹಳೇ ಸುಟ್ಟ ಗುರುತು ನೋಡಿ ನನಗೆ ಗುರುತಾಯಿತು. ಅವರಿಗೆ ನನ್ನ ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತ್ತು.

"ಚೆಂದಾಗಿದೀರಾ ಸ್ವಾಮಿ?" ಅಂದರು.

"ನೀವು?" ಅಂದೆ. ಬಾಯಿಂದ ತಾನಾಗಿ ಬಂತು ಬಹುವಚನ. ಎಂಟು ವರ್ಷ ತಡವಾಗಿ ಬಂತು.

"ಐದೀವಿ ಬುಡಿ." ಆಮೇಲೆ ಸೆನ್ಸರಿನ ಕೆಳಗೆ ಹೋಗಿ ನಿಂತು, ಅದೇ ಮುಖದಲ್ಲಿ ಮೇಲೆ ನೋಡಿದರು. "ಈ ಕಣ್ಣು ಮುಚ್ಚೋದ್ರೆ ಮೆಷಿನ್ ಏನ್ ಮಾಡ್ತದೆ?"

ಈ ಸಲ ನಾನು ನಗಿಸಲು ಹೋಗಲಿಲ್ಲ. ಸ್ಟೂಲು ಹತ್ತಿ ನನ್ನ ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದೆ. ಸೆನ್ಸರಿಗೆ ಅಂಗೈ ಬೇರೆ, ತುರಿ ಬೇರೆ. ತುರಿಗೆ ಸಲ್ಲದ ತೇವದ ಸಂಖ್ಯೆ ಬಂದದ್ದು ಕಂಡು ಪಿ.ಎಲ್.ಸಿ. ಗಂಟೆ ಹೊಡೆಯಿತು. ಫ್ಯಾನು ತಿರುಗುತ್ತಲೇ ಇತ್ತು. ಸ್ವಿಚ್ಚು ತಿರುಗಿಸಿ, ಕೈಯಲ್ಲಿ ನಡೆಸುವುದನ್ನೂ ತೋರಿಸಿದೆ. ಅವರು ಎಲ್ಲ ನೋಡಿದರು. ಎರಡು ಸಲ ತಾವೇ ಗಾಜಿಗೆ ಬಟ್ಟೆ ಮುಚ್ಚಿ ಪರೀಕ್ಷೆ ಮಾಡಿದರು.

"ಚೆಂದಾಗೈತೆ. ಇದನ್ನ ಯಾವಾಗ ಹಾಕೋದು ಕಲ್ತ್ರಿ?"

ಸುಳ್ಳು ಹೇಳಲು ನಾಲಿಗೆಯ ತುದಿಯಲ್ಲೇ ಮೂರು ದಾರಿ ಇದ್ದವು. ಯಾಕೋ ಹೇಳಲಾಗಲಿಲ್ಲ.

"ಮೊದಲೇ ಗೊತ್ತಿತ್ತು. ಗುಬ್ಬೀಲಿ ಹಾಕಿದ್ದು ನೀವು ಹೋದ ಮಾರನೇ ದಿನ."

ಅವರಿಗೆ ಕೋಪ ಬರುತ್ತದೆಂದು ಕಾದೆ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. "ಹಂಗಾ," ಅಂದರು, ಅಷ್ಟೇ. ಡ್ರೈಯರಿನ ಬಾಗಿಲು ತೆಗೆದು ಒಂದು ಹಿಡಿ ತುರಿ ಹಿಸುಕಿ ನೋಡಿ, "ಇನ್ನಾರು ನಿಮಿಷ" ಎಂದರು. ಪ್ಯಾನೆಲ್ಲಿನ ಮೇಲೆ ನನ್ನ ಲಾಗ್ ಐದೂಮುಕ್ಕಾಲು ತೋರಿಸುತ್ತಿತ್ತು.

ಸಂಜೆ ಸರ್ವಿಸ್ ರಿಪೋರ್ಟ್ ಬರೆದು, ಆಪರೇಟರ್ ಸಹಿಯ ಜಾಗ ತೋರಿಸಿ ಪೆನ್ನು ಕೊಟ್ಟೆ. ಅವರು ಪೆನ್ನು ಹಿಡಿದುಕೊಂಡರು, ಸಹಿ ಹಾಕಲಿಲ್ಲ. ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಆಫೀಸಿನ ಕಡೆ ನಡೆದರು. ನಾನು ಹಿಂದೆ ಹೋದೆ. ಅಲ್ಲಿ ಟೈಪು ಮಾಡುತ್ತಿದ್ದ ಹೆಣ್ಣುಮಗಳ ಮುಂದೆ ಅದನ್ನು ಇಟ್ಟರು.

"ಏನ್ ಬರ್ದವ್ರೆ ಒಂದ್ಸಲ ಓದವ್ವ."

ಅವಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಸೆನ್ಸರ್ ಮುಚ್ಚಿದರೆ ಅಲಾರಂ ಹೊಡೆಯುತ್ತೆ, ಮೆಷಿನ್ ಕೈಯಲ್ಲಿ ನಡೆಸಬಹುದು, ಎಲ್ಲಾ ಪರೀಕ್ಷೆ ಮಾಡಿ ತೋರಿಸಿದೆ ಅಂತ ಬರೆದಿದ್ದಾರೆ.

"ನನ್ ತಪ್ಪು ಅಂತ ಎಲ್ಲಾದ್ರೂ ಐತಾ?"

ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು. "ಇಲ್ಲ ಮಾವ. ನಿಮ್ ವಿಷ್ಯಾನೇ ಇಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು.

"ಇನ್ನೊಂದ್ಸಲ ಓದ್ಬುಡವ್ವ," ಅಂದರು.

ಅವಳು ಮೊದಲಿನಿಂದ ಶುರು ಮಾಡಿದಳು. ಯಾರೂ ನನಗೆ ಕೂರಲು ಹೇಳಲಿಲ್ಲ. ಅವಳು ಓದಿ ಮುಗಿಸಿ, ಅವರು ಸಹಿ ಹಾಕುವವರೆಗೂ ನಾನು ಬಾಗಿಲಲ್ಲಿ ನಿಂತೇ ಇದ್ದೆ.